ಬಾಟಲಿಯ ಬೆನ್ನಿನ ಬರಹ: ಕೊರ್ಬಿಯೇರ್ ಕೆಂಪು ವೈನಿನ ರುಚಿವರ್ಣನೆ ಎಷ್ಟು ನಿಜ?

ದಕ್ಷಿಣ ಫ್ರಾನ್ಸಿನ ಯಾವುದಾದರೂ ಅಂಗಡಿಯಲ್ಲಿ 5ರಿಂದ 10 ಯೂರೋ ಬೆಲೆಯ ಕೆಂಪು ವೈನಿನ ಬಾಟಲಿಯೊಂದನ್ನು ತಿರುಗಿಸಿ ನೋಡಿ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನಾಲ್ಕಾರು ಸಾಲುಗಳ ಬರಹವಿರುತ್ತದೆ. ಮಾಗಿದ ಕಪ್ಪು ಹಣ್ಣುಗಳ ಪರಿಮಳ, ಕುರುಚಲು ಕಾಡಿನ ಮೂಲಿಕೆಗಳ ವಾಸನೆ, ಕರಿಮೆಣಸಿನ ಸುಳಿವು, ಮೃದುವಾದ ಟ್ಯಾನಿನ್. ಕೆಂಡದ ಮೇಲೆ ಸುಟ್ಟ ಕುರಿಮಾಂಸ, ಬಾತುಕೋಳಿ ಮತ್ತು ಚೀಸ್‌ನೊಂದಿಗೆ ಸೊಗಸು. ಬಡಿಸುವಾಗ ತಾಪ 16ರಿಂದ 18 ಡಿಗ್ರಿ ಇರಲಿ. ಹೆಚ್ಚುಕಡಿಮೆ ಎಲ್ಲ ಬಾಟಲಿಗಳದ್ದೂ ಇದೇ ಪಾಠ. ವೈನ್ ವಿಮರ್ಶಕರು ಇದನ್ನೇ ಹಿಗ್ಗಿಸಿ ಬರೆಯುತ್ತಾರೆ.

ಇಂಥ ಬರಹವನ್ನು ವರ್ಣನೆಯೆಂದು ಓದಬೇಕೇ, ಅಳತೆಯೆಂದು ಓದಬೇಕೇ? ಇದರಲ್ಲಿ ಯಾವ ಮಾತನ್ನು ಪರೀಕ್ಷಿಸಿ ನೋಡಬಹುದು, ಯಾವುದನ್ನು ನೋಡಲಾಗದು? ಕೊಳ್ಳುವವನು ಈ ಬರಹವನ್ನು ನಂಬಿ ಹಣ ಕೊಡುತ್ತಾನೆ. ಬೆಳೆಗಾರನ ವರ್ಷದ ದುಡಿಮೆಗೆ ಬೆಲೆ ಕಟ್ಟುವುದೂ ಇದೇ ಭಾಷೆ. ಆದ್ದರಿಂದ ಪ್ರಶ್ನೆ ಸಣ್ಣದಲ್ಲ. ಕೊರ್ಬಿಯೇರ್ ಎಂಬ ಒಂದೇ ವೈನನ್ನು ಉದಾಹರಣೆಯಾಗಿಟ್ಟುಕೊಂಡು, ಚೀಟಿಯ ಮಾತುಗಳನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

ನೆಲ, ತಳಿ ಮತ್ತು ತೊಟ್ಟಿ

ಕೊರ್ಬಿಯೇರ್ ಎಂಬುದು ಲಾಂಗ್‌ದೊಕ್ ಪ್ರಾಂತದ ಒಂದು ಗುಡ್ಡಗಾಡು ಸೀಮೆ. ಮೆಡಿಟರೇನಿಯನ್ ಕಡಲಿಗೆ ಹತ್ತಿರ, ನಾರ್ಬೊನ್ ಮತ್ತು ಕಾರ್ಕಸೊನ್ ಪಟ್ಟಣಗಳ ದಕ್ಷಿಣಕ್ಕೆ, ಓಡ್ ಜಿಲ್ಲೆಯಲ್ಲಿದೆ. ಬಿಸಿಲು ಮತ್ತು ಗಾಳಿ ಹೆಚ್ಚು, ಮಳೆ ಕಡಿಮೆ. 19ನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಲಾಂಗ್‌ದೊಕ್ ಉತ್ತರದ ಕಾರ್ಮಿಕರಿಗೆ ಅಗ್ಗದ ವೈನ್ ಒದಗಿಸುವ ಪ್ರಾಂತವಾಯಿತು. 1907ರಲ್ಲಿ ಬೆಲೆ ಕುಸಿದು ಬೆಳೆಗಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು. ನಾರ್ಬೊನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ವೈನಿಗೆ ನೀರು ಬೆರೆಸುವುದನ್ನೂ ಮಿತಿಮೀರಿ ಸಕ್ಕರೆ ಸೇರಿಸುವುದನ್ನೂ ತಡೆಯುವ ಕಾನೂನು ಅದೇ ವರ್ಷ ಬಂದಿತು. ಕೊರ್ಬಿಯೇರ್ ಹೆಸರಿಗೆ ನಿಯಂತ್ರಿತ ಮೂಲನಾಮದ ಮಾನ್ಯತೆ ಸಿಕ್ಕಿದ್ದು 1985ರಲ್ಲಿ. ಆದರೂ ‘ಅಗ್ಗದ ಸೀಮೆ’ ಎಂಬ ಹಣೆಪಟ್ಟಿ ಪೂರ್ತಿ ಅಳಿಸಿಲ್ಲ.

ಈ ವೈನ್ ಒಂದೇ ತಳಿಯದಲ್ಲ, ಹಲವು ತಳಿಗಳ ಬೆರಕೆ. ಕಾರಿನ್ಯಾನ್, ಗ್ರೆನಾಶ್, ಸಿರಾ, ಮೂರ್ವೆದ್ರ್ ಮುಖ್ಯವಾದವು. ಗ್ರೆನಾಶ್‌ನಿಂದ ಆಲ್ಕೊಹಾಲ್ ಮತ್ತು ತುಂಬಿದ ಬಾಯಿಯ ಅನುಭವ, ಸಿರಾದಿಂದ ಗಾಢ ಬಣ್ಣ, ಮೂರ್ವೆದ್ರ್‌ನಿಂದ ಗಟ್ಟಿತನ. ಹಳೆಯ ತಳಿಯಾದ ಕಾರಿನ್ಯಾನ್ ತಡವಾಗಿ ಮಾಗುತ್ತದೆ. ಅದರ ರಸದಲ್ಲಿ ಹುಳಿಯೂ ಒಗರೂ ಹೆಚ್ಚು. ಇಳುವರಿ ಹೆಚ್ಚೆಂದು ಒಂದು ಕಾಲದಲ್ಲಿ ಎಲ್ಲೆಡೆ ನೆಟ್ಟ ಇದನ್ನು 1988ರ ನಂತರ ಯುರೋಪಿನ ಸಹಾಯಧನ ಪಡೆದು ಸಾವಿರಾರು ಎಕರೆಗಳಲ್ಲಿ ಕಿತ್ತುಹಾಕಿದರು. ಉಳಿದ ಹಳೆಯ ಬಳ್ಳಿಗಳಿಗೆ ಈಗ ಗೌರವ ಬಂದಿದೆ.

ಕಾರಿನ್ಯಾನ್‌ನ ಒರಟುತನ ತಗ್ಗಿಸಲು ಇಲ್ಲಿ ಒಂದು ವಿಧಾನ ಬಳಕೆಯಲ್ಲಿದೆ. ದ್ರಾಕ್ಷಿಯನ್ನು ಜಜ್ಜದೆ ಇಡೀ ಗೊಂಚಲುಗಳನ್ನೇ ಮುಚ್ಚಿದ ತೊಟ್ಟಿಗೆ ತುಂಬಿ, ಇಂಗಾಲದ ಡೈ ಆಕ್ಸೈಡ್ ಹಾಯಿಸುತ್ತಾರೆ. ಆಮ್ಲಜನಕ ಸಿಗದ ಹಣ್ಣಿನ ಜೀವಕೋಶಗಳೊಳಗೇ ಕಿಣ್ವಗಳ ಕ್ರಿಯೆ ನಡೆದು ಒಂದಿಷ್ಟು ಸಕ್ಕರೆ ಆಲ್ಕೊಹಾಲ್ ಆಗುತ್ತದೆ. ಯೀಸ್ಟ್ ನಡೆಸುವ ಹುದುಗು ಮುಖ್ಯವಾಗಿ ಆಮೇಲಿನದು. ನಾರ್ಬೊನ್‌ನ ಸಂಶೋಧಕ ಮಿಶೆಲ್ ಫ್ಲಾಂಜಿ 1934ರಲ್ಲಿ ಇದರ ಪ್ರಯೋಗ ನಡೆಸಿದ್ದರು. ಹೀಗೆ ತಯಾರಾದ ವೈನಿನಲ್ಲಿ ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್ ಕಡಿಮೆ, ಹಣ್ಣಿನ ಪರಿಮಳ ಹೆಚ್ಚು.

ಚೀಟಿಯ ಮೇಲಿನ ಮೊದಲ ದೋಷ ಇಲ್ಲೇ ಕಾಣುತ್ತದೆ. ಹಣ್ಣಿನ ಪರಿಮಳವನ್ನೂ ಮೃದು ಟ್ಯಾನಿನ್ನನ್ನೂ ಅದು ನೆಲದ ವರ, ಬಿಸಿಲಿನ ಕೃಪೆ ಎಂಬಂತೆ ಹೇಳುತ್ತದೆ. ಅದರಲ್ಲಿ ದೊಡ್ಡ ಪಾಲು ತೊಟ್ಟಿಯಲ್ಲಿ ಮಾಡಿದ ಕೆಲಸದ್ದು. ಕೆಲಸಗಾರನ ಜಾಣ್ಮೆಗೆ ಸಲ್ಲಬೇಕಾದ ಹೊಗಳಿಕೆ ಕಲ್ಲುಮಣ್ಣಿಗೆ ಸಂದುಬಿಡುತ್ತದೆ.

ಮೂಗಿನ ಮಾತುಗಳು

ಈಗ ವಾಸನೆಗಳಿಗೆ ಬರೋಣ. ಒಂದು ಮಿಶ್ರಣದಲ್ಲಿ ಮನುಷ್ಯ ಎಷ್ಟು ವಾಸನೆಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲ? ಆಸ್ಟ್ರೇಲಿಯಾದಲ್ಲಿ ಲೇಂಗ್ ಮತ್ತು ಫ್ರಾನ್ಸಿಸ್ 1989ರಲ್ಲಿ ಇದನ್ನು ಅಳೆದರು. ಚಿರಪರಿಚಿತ ವಾಸನೆಗಳನ್ನೇ ಬೆರೆಸಿ ಕೊಟ್ಟರೂ ಮೂರು ನಾಲ್ಕಕ್ಕಿಂತ ಹೆಚ್ಚನ್ನು ಸರಿಯಾಗಿ ಹೇಳಲು ಬಹುತೇಕರಿಂದ ಆಗಲಿಲ್ಲ. ಹಾಗಿದ್ದರೆ ಒಂದೇ ಉಸಿರಿನಲ್ಲಿ ಏಳೆಂಟು ಪರಿಮಳಗಳ ಪಟ್ಟಿ ಕೊಡುವ ಬರಹವನ್ನು ಏನೆನ್ನಬೇಕು?

ಇನ್ನೊಂದು ಪ್ರಯೋಗ ಹೆಚ್ಚು ಪ್ರಸಿದ್ಧ. ಮೊರೊ, ಬ್ರೋಶೆ ಮತ್ತು ದ್ಯುಬೂರ್ದಿಯೊ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೋರ್ಡೊದ 54 ಮಂದಿ ವೈನ್ ಶಾಸ್ತ್ರದ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿಗೆ ಮೀಸಲಾದ ಪದಗಳಿಂದಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಒಪ್ಪಿಕೊಂಡಿತು! ಇದರಿಂದ ಪರಿಣತಿಯೇ ಸುಳ್ಳೆಂದು ಸಾಬೀತಾಗುವುದಿಲ್ಲ. ಬಣ್ಣ ಕಾಣುವಂತಿಟ್ಟು ಹೇಳಿದ ವಾಸನೆಯ ಮಾತನ್ನು ಅರೆಮನಸ್ಸಿನಿಂದ ಕೇಳಬೇಕು, ಅಷ್ಟೇ. ‘ಕಪ್ಪು ಹಣ್ಣು’ ಎಂಬ ಮಾತಿನಲ್ಲಿ ಹಣ್ಣು ಮೂಗಿನದಾದರೂ ‘ಕಪ್ಪು’ ಬಹುಮಟ್ಟಿಗೆ ಕಣ್ಣಿನದು.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವಂತಿಲ್ಲ. ಕರಿಮೆಣಸಿನ ಮಾತು ನೋಡಿ. ಸಿರಾ ವೈನಿನಲ್ಲಿ ಮೆಣಸಿನ ವಾಸನೆ ಇದೆಯೆಂದು ಬಹುಕಾಲದಿಂದ ಹೇಳುತ್ತಿದ್ದರೂ ಕಾರಣ ತಿಳಿದಿರಲಿಲ್ಲ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು ಹುಡುಕಿದರು. ರೊಟುಂಡೋನ್ ಎಂಬ ಸಂಯುಕ್ತ ಅದು. ನಮ್ಮ ಮಲೆನಾಡಿನ ತೋಟಗಳ ಕರಿಮೆಣಸಿಗೆ ಘಮ ಕೊಡುವ ಅಣುಗಳಲ್ಲೂ ಇದೇ ಮುಖ್ಯ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಅಂದರೆ ಇಲ್ಲಿ ‘ಮೆಣಸು’ ಉಪಮೆಯಲ್ಲ, ವಸ್ತುವಿನ ಹೆಸರೇ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐದನೆಯ ಒಂದು ಭಾಗದವರಿಗೆ, ಪ್ರಮಾಣ ಎಷ್ಟು ಹೆಚ್ಚಿಸಿದರೂ ರೊಟುಂಡೋನ್‌ನ ವಾಸನೆ ತಿಳಿಯಲಿಲ್ಲ. ಊಟಕ್ಕೆ ಕುಳಿತ ಐವರಲ್ಲಿ ಒಬ್ಬರಿಗೆ ಚೀಟಿಯ ಮೆಣಸು ಎಂದೂ ಸಿಗದಿರಬಹುದು. ಅದು ಅವರ ಅಭಿರುಚಿಯ ಕೊರತೆಯಲ್ಲ, ಮೂಗಿನ ಗ್ರಾಹಿಗಳ ವ್ಯತ್ಯಾಸ. ಮೇಲಾಗಿ ತಂಪು ಹವೆಯಲ್ಲಿ ಮಾಗಿದ ದ್ರಾಕ್ಷಿಯಲ್ಲಿ ಈ ಸಂಯುಕ್ತ ಹೆಚ್ಚು, ಬಿಸಿಲಿನಲ್ಲಿ ಬೆಂದ ಹಣ್ಣಿನಲ್ಲಿ ಕಡಿಮೆ. ಕೊರ್ಬಿಯೇರ್ ಬಿಸಿಲಿನ ಸೀಮೆ. ಪ್ರತಿ ವರ್ಷವೂ ಪ್ರತಿ ಬಾಟಲಿಯಲ್ಲೂ ಮೆಣಸು ಇದ್ದೇ ಇರುತ್ತದೆಂದು ಅಚ್ಚುಹಾಕುವುದು ಸರಿಯಲ್ಲ.

‘ಗಾರೀಗ್’ ಎಂಬ ಮಾತು ಇನ್ನೂ ಸಡಿಲ. ಸುಣ್ಣಕಲ್ಲಿನ ಗುಡ್ಡಗಳ ಮೇಲೆ ಥೈಮ್, ರೋಸ್‌ಮೆರಿ ಮುಂತಾದ ಪರಿಮಳದ ಗಿಡಗಳು ಬೆಳೆಯುವ ಕುರುಚಲು ಕಾಡಿಗೆ ಆ ಹೆಸರು. ಗಾಳಿಯಲ್ಲಿನ ತೈಲಾಂಶ ಪಕ್ಕದ ದ್ರಾಕ್ಷಿಗೆ ಅಂಟುವುದು ಅಸಾಧ್ಯವೇನಲ್ಲ. ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರಗಳ ಬಳಿಯ ಬಳ್ಳಿಗಳಿಂದ ತೆಗೆದ ವೈನಿನಲ್ಲಿ ಸಿನಿಯೋಲ್ ಎಂಬ ನೀಲಗಿರಿ ಸಂಯುಕ್ತ ಹೆಚ್ಚಿರುವುದನ್ನು ಅಳೆದು ತೋರಿಸಲಾಗಿದೆ. ಆದರೆ ಕಾಡಿನ ಅಂಚಿನಿಂದ ದೂರವಿರುವ, ಹತ್ತಾರು ತೋಟಗಳ ರಸ ಬೆರೆಸಿದ ಅಗ್ಗದ ಬಾಟಲಿಗೂ ಅದೇ ಮಾತನ್ನು ಅಂಟಿಸಿದರೆ ಅದು ಊರಿನ ಚಿತ್ರವೇ ಹೊರತು ವೈನಿನ ಗುಣವಲ್ಲ.

ಮೂಗಿನ ಮಾತು ಬೆಳೆಗಾರನ ಬದುಕಿಗೇ ತಟ್ಟುವ ಒಂದು ಸಂದರ್ಭವೂ ಇದೆ. 2025ರ ಆಗಸ್ಟ್ 5ರಂದು ಕೊರ್ಬಿಯೇರ್‌ನ ರಿಬೋತ್ ಹಳ್ಳಿಯ ಬಳಿ ಹೊತ್ತಿದ ಕಾಡ್ಗಿಚ್ಚು ಸುಮಾರು 16,000 ಹೆಕ್ಟೇರ್ ಪ್ರದೇಶವನ್ನು ಸುಟ್ಟಿತು. ಕೊಯ್ಲಿಗೆ ಹತ್ತಿರವಾಗಿದ್ದ ತೋಟಗಳ ಮೇಲೆ ಹೊಗೆ ಕವಿಯಿತು. ಹೊಗೆಯಲ್ಲಿರುವ ಗ್ವಾಯಕಾಲ್ ಮುಂತಾದ ಫಿನಾಲ್‌ಗಳು ಹಣ್ಣನ್ನು ಸೇರಿ ಸಕ್ಕರೆಯ ಅಣುವಿಗೆ ಅಂಟಿಕೊಳ್ಳುತ್ತವೆ. ಆಗ ವಾಸನೆ ಇರುವುದಿಲ್ಲ. ಹುದುಗುವಾಗ ಮತ್ತು ಕುಡಿಯುವವನ ಬಾಯಿಯಲ್ಲಿ ಆ ಬಂಧ ಬಿಟ್ಟು ಬೂದಿಯ ರುಚಿ ಮೇಲೇಳುತ್ತದೆ. ಸುಟ್ಟ ಓಕ್ ಮರದ ಪೀಪಾಯಿಯಿಂದ ದುಬಾರಿ ವೈನಿಗೆ ಇಳಿಯುವುದೂ ಇದೇ ಗ್ವಾಯಕಾಲ್! ಅಲ್ಲಿ ‘ಹೊಗೆಯ ಛಾಯೆ’ ಎಂಬುದು ಮೆಚ್ಚುಗೆ, ಇಲ್ಲಿ ದೋಷ. ಇಂಥಲ್ಲಿ ಬಣ್ಣದ ಮಾತುಗಳಿಂದ ಪ್ರಯೋಜನವಿಲ್ಲ. ಪ್ರಯೋಗಾಲಯದ ಅಳತೆಯೊಂದೇ ಬೆಳೆಗಾರನನ್ನೂ ಕೊಳ್ಳುವವನನ್ನೂ ಕಾಯಬಲ್ಲದು.

ಬಾಯಿಯ ಮಾತುಗಳು

ಚೀಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಜಾಗ ಸಿಗುವುದು ಬಾಯಿಯ ಅನುಭವಕ್ಕೆ: ಹುಳಿ, ಒಗರು, ಆಲ್ಕೊಹಾಲಿನ ಉರಿ. ಆದರೆ ಪರೀಕ್ಷೆಗೆ ನಿಲ್ಲುವುದೂ ಊಟಕ್ಕೆ ಉಪಯೋಗವಾಗುವುದೂ ಇವೇ.

ಒಗರು ಎಂಬುದಕ್ಕೆ ಕನ್ನಡದಲ್ಲಿ ಅಚ್ಚುಕಟ್ಟಾದ ಮಾತಿದೆ. ನೇರಳೆ ಹಣ್ಣು, ಬಾಳೆಕಾಯಿ, ಹಸಿ ಅಡಿಕೆ ತಿಂದವರಿಗೆ ಅದರ ಪರಿಚಯ ಬೇಕಿಲ್ಲ. ನಮ್ಮ ಹಿರಿಯರು ಷಡ್ರಸಗಳಲ್ಲಿ ಅದನ್ನೂ ಸೇರಿಸಿದ್ದಾರೆ. ಇಂದಿನ ಶರೀರಶಾಸ್ತ್ರ ಅದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶ ಎನ್ನುತ್ತದೆ. ಜೊಲ್ಲಿನಲ್ಲಿ ಪ್ರೋಲೀನ್ ಹೆಚ್ಚಾಗಿರುವ ಪ್ರೋಟೀನುಗಳಿವೆ. ಟ್ಯಾನಿನ್ ಅವುಗಳಿಗೆ ಅಂಟಿ ಗರಣೆ ಕಟ್ಟಿಸುತ್ತದೆ. ಜಾರುವಿಕೆ ಹೋಗಿ ನಾಲಿಗೆ ಮತ್ತು ಕೆನ್ನೆಯ ಒಳಪದರ ಒಣಗಿ ಒರಟಾದಂತೆ ತೋರುತ್ತದೆ. ಗುಟುಕು ಹೆಚ್ಚಿದಂತೆ ಒಗರೂ ಹೆಚ್ಚುತ್ತದೆ.

ಸಾಮಾನ್ಯ ಕೊರ್ಬಿಯೇರ್ ಒಂದನ್ನು ಈ ಮೂರು ಅಳತೆಗಳಲ್ಲಿ ತೂಗಿದರೆ ಚಿತ್ರ ಹೀಗಿರುತ್ತದೆ: ಒಗರು ಮಧ್ಯಮ; ಹುಳಿ ಮಧ್ಯಮ, ಕಾರಿನ್ಯಾನ್ ಪಾಲು ಹೆಚ್ಚಿದ್ದರೆ ತುಸು ಮೇಲು; ಆಲ್ಕೊಹಾಲ್ ಶೇಕಡ 13ರಿಂದ 14.5, ಅಂದರೆ ಹೆಚ್ಚಿನ ಕಡೆಗೆ. ಬರಗಾಲದ ವರ್ಷಗಳಲ್ಲಿ ಸಕ್ಕರೆ ಏರಿ ಹುಳಿ ಇಳಿಯುವುದರಿಂದ ತೂಕ ಉರಿಯ ಕಡೆಗೆ ವಾಲುತ್ತದೆ. ಈ ವೈನಿನ ಗುಣ ಮತ್ತು ದೋಷ ಎರಡೂ ಇದರಲ್ಲೇ ಅಡಗಿವೆ. ಹುಳಿ ನಿಂತಿದ್ದರೆ ಅದು ಊಟದ ವೈನ್. ಹುಳಿ ಸೋತು ಆಲ್ಕೊಹಾಲ್ ಮುಂದಾದರೆ ಎರಡನೆಯ ಗುಟುಕಿಗೇ ಆಯಾಸ.

ತಾಪದ ಸಲಹೆಯಲ್ಲಿ ಅರ್ಥವಿದೆ. ಬಿಸಿ ಏರಿದಂತೆ ಆಲ್ಕೊಹಾಲ್ ಹೆಚ್ಚು ಆವಿಯಾಗಿ ಘಾಟು ಮುಂದಾಗುತ್ತದೆ; ತೀರ ತಣ್ಣಗಾದರೆ ಒಗರು ಎದ್ದು ಕಾಣುತ್ತದೆ. ಕೆಂಪು ವೈನನ್ನು ‘ಕೋಣೆಯ ತಾಪದಲ್ಲಿ’ ಕೊಡಬೇಕೆಂಬ ಹಳೆಯ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಹಳೆಯ ಮನೆಗಳಲ್ಲಿ. ಬೇಸಿಗೆಯಲ್ಲಿ 30 ಡಿಗ್ರಿ ಮುಟ್ಟುವ ಕೋಣೆಗೆ ಅದು ಅನ್ವಯಿಸದು. 16 ಡಿಗ್ರಿ ಎಂದು ಅಂಕಿಯಲ್ಲಿ ಹೇಳುವುದೇ ಮೇಲು.

ಊಟದ ಜೋಡಿ: ಯಾವುದು ನಿಲ್ಲುತ್ತದೆ?

ಕುರಿಮಾಂಸ ಮತ್ತು ಬಾತುಕೋಳಿ: ಈ ಸಲಹೆ ನಿಲ್ಲುತ್ತದೆ. ಒಗರಿನ ದ್ರವವನ್ನು ಪದೇ ಪದೇ ಗುಟುಕರಿಸಿದರೆ ಒಣತನ ಏರುತ್ತ ಹೋಗುತ್ತದೆ, ಕೊಬ್ಬು ತಿಂದರೆ ಜಿಡ್ಡು ಏರುತ್ತ ಹೋಗುತ್ತದೆ. ಎರಡನ್ನೂ ಒಂದಾದ ಮೇಲೊಂದು ಸೇವಿಸಿದರೆ ಒಂದು ಇನ್ನೊಂದನ್ನು ತಗ್ಗಿಸುತ್ತದೆ. ಪಾಲ್ ಬ್ರೆಸ್ಲಿನ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅವರು ಬಳಸಿದ್ದರಲ್ಲಿ ಚಹಾದ ಮತ್ತು ದ್ರಾಕ್ಷಿ ಬೀಜದ ಒಗರು ಅಂಶಗಳೂ ಇದ್ದವು. ಅದೇ ಸೀಮೆಯ ಕಾಸ್ಸೂಲೆ ಎಂಬ ಅಡುಗೆಯನ್ನು ನೋಡಿ. ಬಿಳಿ ಬೀನ್ಸ್ ಕಾಳು, ಬಾತುಕೋಳಿ, ಹಂದಿಮಾಂಸದ ಸಾಸೇಜ್ ಎಲ್ಲವನ್ನೂ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ್ದು ಅದು. ಕೊಬ್ಬು, ಉಪ್ಪು, ಪ್ರೋಟೀನ್ ಮೂರೂ ತುಂಬಿವೆ. ಕೊಬ್ಬು ಮತ್ತು ಪ್ರೋಟೀನ್ ಒಗರನ್ನು ತಗ್ಗಿಸುತ್ತವೆ. ಉಪ್ಪು ಕಹಿಯನ್ನು ಅದುಮುತ್ತದೆ ಎಂಬುದು 1997ರಲ್ಲೇ ಪ್ರಯೋಗದಿಂದ ಸಿದ್ಧವಾದ ಮಾತು. ಕೊರ್ಬಿಯೇರ್ ಇದರ ಪಕ್ಕದಲ್ಲಿ ಚೆನ್ನಾಗಿರಲು ‘ಒಂದೇ ಮಣ್ಣಿನ ಮಕ್ಕಳು’ ಎಂಬ ಕಾರಣ ಬೇಕಿಲ್ಲ. ಬಾಯಿಯ ರಸಾಯನಶಾಸ್ತ್ರ ಸಾಕು.

ಚೀಸ್: ಈ ಸಲಹೆಯನ್ನು ತಿದ್ದಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಾದ್ರಿಗಲ್-ಗಲಾನ್ ಮತ್ತು ಹೇಮನ್ 2006ರಲ್ಲಿ 8 ಬಗೆಯ ಚೀಸ್‌ಗಳೊಂದಿಗೆ ಕೆಂಪು ವೈನುಗಳನ್ನು ತರಬೇತಾದವರಿಂದ ಪರೀಕ್ಷಿಸಿದರು. ಚೀಸ್ ತಿಂದ ಮೇಲೆ ವೈನಿನ ಒಗರು ಮಾತ್ರವಲ್ಲ, ಹಲವು ಪರಿಮಳಗಳೂ ಮಂಕಾದವು. ಬೆಣ್ಣೆಯ ವಾಸನೆ ಮಾತ್ರ ಹೆಚ್ಚಿತು. ಹಾಗಾದರೆ ಚೀಸ್ ಒರಟು ವೈನಿಗೆ ಮುಸುಕು ಹಾಕುತ್ತದೆ, ನಾಜೂಕಾದ ವೈನಿಗೂ ಅದೇ ಮುಸುಕು. ಅಗ್ಗದ, ತುಸು ಒರಟಾದ ಕೊರ್ಬಿಯೇರ್‌ಗೆ ಇದು ಲಾಭವೇ. ಆದರೆ ಪರಿಮಳ ಸವಿಯಲೆಂದು ಹೆಚ್ಚು ಹಣ ಕೊಟ್ಟು ತಂದ ಬಾಟಲಿಯ ಜೊತೆ ಚೀಸ್ ಇಟ್ಟರೆ ಆ ಹಣ ವ್ಯರ್ಥ.

ಮೀನು: ಚೀಟಿ ಸಾಮಾನ್ಯವಾಗಿ ಬೇಡವೆನ್ನುತ್ತದೆ ಅಥವಾ ಸುಮ್ಮನಿರುತ್ತದೆ. ಇದಕ್ಕೂ ಕಾರಣ ಸಿಕ್ಕಿದೆ. ಜಪಾನಿನ ತಾಮುರ ಮತ್ತು ಸಂಗಡಿಗರು 2009ರಲ್ಲಿ ಒಣಗಿಸಿದ ಕಡಲ ಚಿಪ್ಪುಜೀವಿಯ ಮಾಂಸದೊಂದಿಗೆ ಹತ್ತಾರು ವೈನುಗಳನ್ನು ಪರೀಕ್ಷಿಸಿ, ನೀಚು ವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಯಾನೇ ಕಾರಣವೆಂದು ಕಂಡರು. ಕಬ್ಬಿಣವನ್ನು ಕಟ್ಟಿಹಾಕುವ ರಾಸಾಯನಿಕ ಸೇರಿಸಿದಾಗ ವಾಸನೆ ತಗ್ಗಿತು. ಕಬ್ಬಿಣ ಕಡಿಮೆಯಿರುವ ಕೆಂಪು ವೈನೂ ಉಂಟು, ಹೆಚ್ಚಿರುವ ಬಿಳಿ ವೈನೂ ಉಂಟು. ‘ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು’ ಎಂಬ ಗಾದೆ ಅರ್ಧ ಸತ್ಯ.

ಖಾರ: ವೈನಿನೊಂದಿಗೆ ಖಾರದ ಅಡುಗೆ ಬಡಿಸುವ ಕನ್ನಡಿಗರಿಗೆ, ಮುಖ್ಯವಾಗಿ ಯುರೋಪಿನಲ್ಲಿ ನೆಲೆಸಿದವರಿಗೆ, ಇದು ಮುಖ್ಯ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರಗಳಲ್ಲಿನ ಬಿಸಿಯ ಗ್ರಾಹಿಯನ್ನು ಕೆರಳಿಸುತ್ತದೆ. ಸಾಧಾರಣವಾಗಿ ಸುಮಾರು 42 ಡಿಗ್ರಿಯಲ್ಲಿ ಎಚ್ಚರಗೊಳ್ಳುವ ಈ ಗ್ರಾಹಿ, ಆಲ್ಕೊಹಾಲ್ ಸೋಕಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆಂದು ಇಟಲಿಯ ವಿಜ್ಞಾನಿಗಳ ತಂಡ 2002ರಲ್ಲಿ ತೋರಿಸಿತು. ನಮ್ಮ ಮೈಯ ತಾಪವೇ 37! ಶೇಕಡ 14ರ ವೈನ್ ಖಾರವನ್ನು ಆರಿಸುವುದಿಲ್ಲ, ಊದುತ್ತದೆ. ಕೊಡಗಿನ ಪಂದಿಕರಿಯನ್ನು ಇದೇ ತಕ್ಕಡಿಯಲ್ಲಿ ತೂಗಬಹುದು. ಕೊಬ್ಬು ಮತ್ತು ಉಪ್ಪು ಕೊರ್ಬಿಯೇರ್ ಪರ. ಕಾಚಂಪುಳಿಯ ಹುಳಿಯ ಮುಂದೆ ಹುಳಿ ಕಡಿಮೆಯಿರುವ ವೈನ್ ಸಪ್ಪೆ. ಖಾರ ಏರಿದಷ್ಟೂ ಆಲ್ಕೊಹಾಲ್ ವಿರುದ್ಧ. ಖಾರ ಮಿತವಾಗಿದ್ದು, ಕಾರಿನ್ಯಾನ್ ಹೆಚ್ಚಿರುವ ಶೇಕಡ 13ರ ಬಾಟಲಿಯಾದರೆ ಹೊಂದೀತು. ಚೀಟಿಯಲ್ಲಿರುವ ‘ಮೆಣಸಿನ ಸುಳಿವು’ ನೋಡಿ ಮೆಣಸಿನ ಅಡುಗೆಗೆ ಜೋಡಿ ಮಾಡಿದರೆ ಮೋಸಹೋಗಬೇಕಾದೀತು.

ಬೆಲೆಯ ಮಾತು

2008ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಅಗ್ಗದ ವೈನಿನ ಪರವಾಗಿ ಸಾಕ್ಷಿ ನುಡಿಯುತ್ತವೆ. ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ಬೆಲೆ ಮುಚ್ಚಿಟ್ಟು ನಡೆಸಿದ 6,000ಕ್ಕೂ ಹೆಚ್ಚು ರುಚಿಪರೀಕ್ಷೆಗಳಲ್ಲಿ, ವಿಶೇಷ ತರಬೇತಿಯಿಲ್ಲದವರು ದುಬಾರಿ ವೈನಿಗೆ ಸರಾಸರಿಯಲ್ಲಿ ತುಸು ಕಡಿಮೆ ಅಂಕವನ್ನೇ ಕೊಟ್ಟರು. ಪ್ಲಾಸ್‌ಮನ್ ಮತ್ತು ಸಂಗಡಿಗರು 5 ಡಾಲರಿನ ವೈನನ್ನು 45 ಡಾಲರಿನದೆಂದು ಹೇಳಿ ಕೊಟ್ಟಾಗ ಜನ ಅದನ್ನು ಹೆಚ್ಚು ಮೆಚ್ಚಿದರು. ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದ ಚಟುವಟಿಕೆಯೂ ಹೆಚ್ಚಿತು. ಮೆಚ್ಚುಗೆ ನಟನೆಯಾಗಿರಲಿಲ್ಲ, ಬೆಲೆಯೇ ರುಚಿಯ ಒಂದು ಭಾಗವಾಗಿತ್ತು. ಅಗ್ಗದ ಸೀಮೆಯೆಂಬ ಹೆಸರು ಹೊತ್ತ ಕೊರ್ಬಿಯೇರ್ ಬೆಳೆಗಾರ ತೂಕದಲ್ಲಿ ಸೋಲುವುದು ಇಲ್ಲೇ.

ಮನೆಯಲ್ಲೇ ಒಂದು ಪರೀಕ್ಷೆ

ಎರಡು ವೈನುಗಳ ನಡುವೆ ನಿಮಗೆ ನಿಜವಾಗಿ ವ್ಯತ್ಯಾಸ ತಿಳಿಯುತ್ತದೆಯೇ? ಮೂರು ಒಂದೇ ಬಗೆಯ ಲೋಟಗಳನ್ನು ತೆಗೆದುಕೊಳ್ಳಿ. ಇನ್ನೊಬ್ಬರು ಎರಡಕ್ಕೆ ಒಂದು ವೈನ್, ಮೂರನೆಯದಕ್ಕೆ ಮತ್ತೊಂದು ವೈನ್ ಸುರಿಯಲಿ. ಬಣ್ಣ ಕಾಣದಂತೆ ಕಣ್ಣು ಮುಚ್ಚಿ, ಒಂದೊಂದು ಚಮಚೆಯಷ್ಟು ಬಾಯಿಗೆ ಹಾಕಿ ಉಗುಳಿ, ಬೇರೆಯದು ಯಾವುದೆಂದು ಹೇಳಿ. ಪ್ರತಿ ಸಲವೂ ಲೋಟಗಳ ಕ್ರಮ ಬದಲಿಸಿ 6 ಸಲ ಮಾಡಿ. ಬರೀ ಊಹೆಯಿಂದ 5 ಅಥವಾ 6 ಸಲ ಸರಿ ಹೇಳುವ ಸಂಭವನೀಯತೆ 729ರಲ್ಲಿ 13, ಅಂದರೆ ಶೇಕಡ 2ಕ್ಕೂ ಕಡಿಮೆ. 5 ಸಲ ಸರಿಯಾದರೆ ವ್ಯತ್ಯಾಸ ನಿಮಗೆ ತಿಳಿಯುತ್ತದೆಂದು ಧೈರ್ಯವಾಗಿ ಹೇಳಬಹುದು. ಊಟದ ಜೋಡಿಯನ್ನು ನೋಡಲು ವೈನ್, ಒಂದು ತುತ್ತು, ಮತ್ತೆ ವೈನ್ ಎಂಬ ಕ್ರಮದಲ್ಲಿ ಹುಳಿ, ಒಗರು, ಉರಿ ಮೂರಕ್ಕೂ 5ರಲ್ಲಿ ಅಂಕ ಹಾಕಿ. ತುತ್ತಿಗೆ ಮೊದಲು ಮತ್ತು ನಂತರದ ಅಂಕಗಳ ವ್ಯತ್ಯಾಸವೇ ನಿಮ್ಮ ಉತ್ತರ.

ಉಗುಳುವ ಸಲಹೆ ಶಾಸ್ತ್ರಕ್ಕೆ ಮಾತ್ರವಲ್ಲ. ಶೇಕಡ 14ರ 125 ಮಿಲಿಲೀಟರ್ ವೈನಿನಲ್ಲಿ ಸುಮಾರು 14 ಗ್ರಾಂ ಆಲ್ಕೊಹಾಲ್ ಇರುತ್ತದೆ. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 1988ರಲ್ಲಿ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕೆಂಪು ವೈನ್ ಹೃದಯಕ್ಕೆ ಔಷಧ ಎಂಬ ಮಾತನ್ನು ಚೀಟಿ ಹೇಳದಿದ್ದರೂ ಬಾಯಿಂದ ಬಾಯಿಗೆ ಹರಡಿದೆ. ಅದನ್ನು ನಂಬಿ ಕುಡಿಯಲು ಆರಂಭಿಸುವುದು ತಪ್ಪು.

ತೀರ್ಮಾನ

ಚೀಟಿಯ ಮಾತುಗಳಲ್ಲಿ ಒಗರು, ಹುಳಿ, ಆಲ್ಕೊಹಾಲ್, ತಾಪ ಇವು ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಮೆಣಸು ಅರ್ಧ ತೇರ್ಗಡೆ. ಕಪ್ಪು ಹಣ್ಣು ಮತ್ತು ಗಾರೀಗ್ ಬಹುಮಟ್ಟಿಗೆ ವರ್ಣನೆ. ಊಟಕ್ಕೆ ಜೋಡಿ ಹುಡುಕುವವರು ಮೂಗಿನ ಮಾತುಗಳನ್ನು ಬದಿಗಿಟ್ಟು ಬಾಯಿಯ ಮಾತುಗಳನ್ನು ಹಿಡಿಯಬೇಕು. ಹಾಗೆ ನೋಡಿದಾಗ ಕೊರ್ಬಿಯೇರ್ ಒಳ್ಳೆಯ ಅಂಕವನ್ನೇ ಪಡೆಯುತ್ತದೆ: ಕೊಬ್ಬು ಮತ್ತು ಉಪ್ಪಿನ ಅಡುಗೆಯ ಪಕ್ಕದಲ್ಲಿ ಅದರ ಒಗರು ಕೆಲಸಕ್ಕೆ ಬರುತ್ತದೆ, ಒಂಟಿಯಾಗಿ ಮತ್ತು ಖಾರದ ಮುಂದೆ ಅದು ಸೋಲುತ್ತದೆ.

ಬಾಟಲಿಯ ಬೆನ್ನಿನ ಮೇಲೆ ತಳಿಗಳ ಪಾಲು, ಗೊಂಚಲನ್ನು ಇಡಿಯಾಗಿ ಹುದುಗಿಸಿದ್ದಾರೆಯೇ ಜಜ್ಜಿ ಹುದುಗಿಸಿದ್ದಾರೆಯೇ, ಹುಳಿ ಎಷ್ಟು, ಒಗರು ಎಷ್ಟು ಎಂಬ ನಾಲ್ಕು ಸಂಗತಿಗಳನ್ನು ಅಚ್ಚುಹಾಕಿದರೆ ಈಗಿನ ಸಾಲುಗಳಿಗಿಂತ ಹೆಚ್ಚೇನೂ ಜಾಗ ಬೇಕಿಲ್ಲ. ಕೊಳ್ಳುವವನಿಗೆ ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯುತ್ತದೆ. ಬೆಳೆಗಾರನಿಗೆ ಸೀಮೆಯ ಹೆಸರಿನ ಬದಲು ಮಾಡಿದ ಕೆಲಸದ ಮೇಲೆ ಬೆಲೆ ಕೇಳಲು ಆಧಾರ ಸಿಗುತ್ತದೆ.